ಬಂದೂಕಿನ ಪತ್ರಿಕೆಗಳೂ ಬೇಟೆಯ ಬರವಣಿಗೆಯೂ



ಮೈಸೂರಿನ ನಜರ್‌ಬಾದಿನಲ್ಲಿ ವಾಸಮಾಡುವವರಿಗೆ ರಾತ್ರಿಯ ನಿಶ್ಶಬ್ದದಲ್ಲಿ ಮೃಗಾಲಯದ ಕಡೆಯಿಂದ ಸಿಂಹದ ಧ್ವನಿ ಒಮ್ಮೊಮ್ಮೆ ಕೇಳಿಬರುವುದುಂಟು. ಅದು ಬದುಕಿರುವ ಮೃಗದ ಧ್ವನಿ. ಆದರೆ ಇಲ್ಲಿನ ಮನೆತನವೊಂದು ದೇಶಾಂತರಗಳಲ್ಲಿ ಪ್ರಸಿದ್ಧವಾದದ್ದು ಸತ್ತ ಮೃಗಗಳಿಂದ. ಯೂಜೀನ್ ವ್ಯಾನ್ ಇಂಗನ್ ಎಂಬವರು ಸುಮಾರು 1900ರಲ್ಲಿ ಆರಂಭಿಸಿದ ಚರ್ಮಸಂಸ್ಕಾರದ ಉದ್ಯಮವನ್ನು ಅವರ ಮಕ್ಕಳಾದ ಬೋಥಾ, ಡಿ ವೆಟ್, ಜೂಬರ್ಟ್ ಎಂಬವರು ಮುಂದುವರಿಸಿದರು. ಮೂವರಿಗೂ ಬೋಯರ್ ಸೇನಾನಿಗಳ ಹೆಸರುಗಳು. ಕೈಗೆ ಬಂದದ್ದು ಮಾತ್ರ ಕತ್ತಿಯಲ್ಲ, ಸೂಜಿ ದಾರ. 1999ರಲ್ಲಿ ಮುಚ್ಚುವ ವೇಳೆಗೆ ಈ ಕಾರ್ಯಾಗಾರದಿಂದ ಹೊರಟ ಹುಲಿ ಚಿರತೆಗಳ ಸಂಖ್ಯೆಯೇ 43,000ಕ್ಕೆ ಮಿಕ್ಕಿತ್ತೆಂದು ಇವರ ಚರಿತ್ರೆಯನ್ನು ಬರೆದ ವಿದ್ವಾಂಸರು ಲೆಕ್ಕಹಾಕಿದ್ದಾರೆ. ಜೂಬರ್ಟರು ತಮ್ಮ ನೂರನೆಯ ವಯಸ್ಸಿನಲ್ಲಿ, 2013ರಲ್ಲಿ, ಮೈಸೂರಿನಲ್ಲಿಯೇ ತೀರಿಕೊಂಡರು.

ನಾವು ಇಂದು ಮಾತನಾಡಬೇಕೆಂದಿರುವುದು ಬೇಟೆಯ ವಿಷಯವನ್ನಲ್ಲ, ಬೇಟೆಯನ್ನೂ ಬಂದೂಕನ್ನೂ ಕುರಿತ ಪತ್ರಿಕೆಗಳ ಬರವಣಿಗೆಯನ್ನು. ಇದಕ್ಕೂ ವ್ಯಾನ್ ಇಂಗನ್ನರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಎರಡು ಸಂಬಂಧಗಳಿವೆ. ಮೊದಲನೆಯದು ಹೋಲಿಕೆ, ಎರಡನೆಯದು ನಡೆದ ಸಂಗತಿ.

ಹೋಲಿಕೆಯನ್ನು ಮೊದಲು ಹೇಳಿಬಿಡೋಣ. ಹಳೆಯ ಬಂಗಲೆಗಳ ಗೋಡೆಗಳಲ್ಲಿ ಹುಲಿಯ ತಲೆಯನ್ನು ಕಂಡವರೆಲ್ಲ ಬಲ್ಲರು: ಬಾಯಿ ತೆರೆದಿರುತ್ತದೆ, ಕೋರೆ ಕಾಣುತ್ತದೆ, ಮೂಗಿನ ಮೇಲೆ ಸುಕ್ಕು ಎದ್ದಿರುತ್ತದೆ. ಆ ಹುಲಿ ಸಾಯುವ ಕ್ಷಣದಲ್ಲಿ ಗರ್ಜಿಸುತ್ತಿತ್ತೆ? ಎಷ್ಟೋ ಹುಲಿಗಳು ಕಟ್ಟಿಹಾಕಿದ ಎಮ್ಮೆಗರುವನ್ನು ತಿನ್ನುತ್ತಿರುವಾಗ, ಮಚಾನಿನ ಮೇಲಿಂದ ಬಂದ ಗುಂಡಿಗೆ ಏನೆಂದು ತಿಳಿಯುವ ಮೊದಲೇ ಉರುಳಿದವು. ಗೋಡೆಗೆ ಏರಿದ ಮೇಲೆ ಅವು ರೌದ್ರಾವತಾರವನ್ನು ತಾಳಿದುವು. ಹೊಡೆದವನ ದಿವಾನಖಾನೆಗೆ ಬರುವ ಅತಿಥಿಗಳು ಹೊಡೆದವನ ಶೌರ್ಯವನ್ನು ಅಳೆಯುವುದು ಆ ಕೋರೆಯಿಂದಲೇ ಅಲ್ಲವೆ? ಬೇಟೆಯ ಪತ್ರಿಕೆಗಳಲ್ಲಿ ಬರುವ ಬಹುಪಾಲು ಲೇಖನಗಳೂ ಇಂತಹವೇ. ಚರ್ಮ ನಿಜವಾದದ್ದು, ಒಳಗಿನ ಆಕೃತಿ ಕಾಗದದ ರದ್ದಿನದು, ಮುಖಭಾವ ಗಿರಾಕಿಯ ಅಪೇಕ್ಷೆಗೆ ತಕ್ಕದ್ದು.

ಆದರೆ ಚರ್ಮವೆಂಬುದು ಸುಳ್ಳಾಡದು ಎಂಬುದನ್ನೂ ಇಲ್ಲಿ ನೆನೆಯಬೇಕು. ಒಂದೇ ಗುಂಡಿಗೆ ಕೆಡವಿದೆನೆಂದು ಬರೆಯುವವನು ಬರೆಯಬಹುದು. ತೂತುಗಳನ್ನು ಎಣಿಸಿ ಹೊಲಿಯುವವನು ಎಷ್ಟಿವೆಯೆಂದು ಬಲ್ಲನು. ಚರ್ಮವನ್ನು ಹೇಗೆ ಸುಲಿಯಬೇಕು, ಹೇಗೆ ಕೆಡದಂತೆ ಕಳುಹಿಸಬೇಕು ಎಂದು ಬೇಟೆಗಾರರಿಗೆ ತಿಳಿಸಲು ವ್ಯಾನ್ ಇಂಗನ್ನರು ಒಂದು ಕೈಪಿಡಿಯನ್ನೇ ಅಚ್ಚುಹಾಕಿಸಿದ್ದರು. ಅಂತಹ ಬರವಣಿಗೆಯಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಒಂದು ಮಾತು ತಪ್ಪಿದರೆ ರೋಮ ಉದುರಿಹೋಗುತ್ತದೆ.

ಇಂದು ಪೇಟೆಯಲ್ಲಿ ದೊರೆಯುವ ಬಂದೂಕಿನ ಪತ್ರಿಕೆಗಳು ನುಣುಪಾದ ಕಾಗದದ ಮೇಲೆ ಬಹು ಸುಂದರವಾಗಿ ಅಚ್ಚಾಗಿರುತ್ತವೆ. ಹೆಚ್ಚಿನವು ಅಮೆರಿಕದವು, ಅಲ್ಲಿ 1923ರಿಂದ ಇಂದಿನ ಹೆಸರಿನಲ್ಲಿ ನಡೆದುಬಂದಿರುವ ‘ಅಮೆರಿಕನ್ ರೈಫಲ್‌ಮನ್’ ಇಂತಹ ಪತ್ರಿಕೆಗಳಲ್ಲಿ ಹೆಸರುವಾಸಿಯಾದುದು. ಈ ಜಾತಿಯ ಹಲವು ಸಂಚಿಕೆಗಳನ್ನು ನಾವು ಒಂದು ಬೇಸಗೆಯಲ್ಲಿ ಕುಳಿತು ಓದಿದೆವು. ಓದಿದ ಲೇಖನಗಳಲ್ಲಿ ಕೊಳ್ಳಬಾರದೆಂದು ಹೇಳಿದ ಬಂದೂಕು ಒಂದಾದರೂ ನಮಗೆ ಸಿಕ್ಕಲಿಲ್ಲ. ಬಲ ಪುಟದಲ್ಲಿ ಪರೀಕ್ಷೆ, ಎಡ ಪುಟದಲ್ಲಿ ಅದೇ ಬಂದೂಕಿನ ಜಾಹೀರಾತು. ಮದುವೆಯ ದಲ್ಲಾಳಿ ವರನನ್ನು ವರ್ಣಿಸುವಂತೆ ಲೇಖಕನು ನಳಿಗೆಯನ್ನು ವರ್ಣಿಸುತ್ತಾನೆ. ದೋಷವೇನಾದರೂ ಇದ್ದರೆ ಅದು ಹಿಡಿಯ ಬಣ್ಣಕ್ಕೆ ಸಂಬಂಧಿಸಿದುದಾಗಿರುತ್ತದೆ. ಎಲ್ಲ ಪತ್ರಿಕೆಗಳೂ ಹೀಗೆಯೆ ಎಂದು ಹೇಳುವಷ್ಟು ನಾವು ಓದಿಲ್ಲ.

ಹಿಂದೆ ಹೀಗಿರಲಿಲ್ಲವೆಂಬುದಕ್ಕೆ ಒಬ್ಬ ಸಂಪಾದಕನಾದರೂ ಸಾಕ್ಷಿ. ಲಂಡನ್ನಿನ ‘ದಿ ಫೀಲ್ಡ್’ ಪತ್ರಿಕೆಗೆ 1857ರಲ್ಲಿ ಜೆ. ಎಚ್. ವಾಲ್ಷ್ ಎಂಬವನು ಸಂಪಾದಕನಾದನು. ವೃತ್ತಿಯಿಂದ ಶಸ್ತ್ರವೈದ್ಯನಾಗಿದ್ದ ಈತನು ಬಂದೂಕು ಸಿಡಿದು ಎಡಗೈಗೆ ಊನವನ್ನು ತಂದುಕೊಂಡಿದ್ದವನು. ಆ ಕಾಲದಲ್ಲಿ, ಬಾಯಿಯಿಂದ ಮದ್ದು ತುಂಬುವ ಕೋವಿ ಮೇಲೋ, ಬುಡದಿಂದ ತೋಟೆ ಹಾಕುವ ಕೋವಿ ಮೇಲೋ ಎಂಬ ವಿವಾದ ಬಹಳ ಬಿಸಿಯಾಗಿತ್ತು. ಓಲೆಗಳ ಮೇಲೆ ಓಲೆಗಳು ಬಂದು ಬೀಳುತ್ತಿದ್ದುವು. ವಾಲ್ಷನು ಯಾರ ಮಾತನ್ನೂ ನಂಬದೆ, 1858ರಲ್ಲಿಯೂ 1859ರಲ್ಲಿಯೂ ಬಹಿರಂಗ ಪರೀಕ್ಷೆಗಳನ್ನು ಏರ್ಪಡಿಸಿ, ಗುರಿಹಲಗೆಯ ಮೇಲೆ ಬಿದ್ದ ಚರೆಗಳನ್ನು ಎಣಿಸಿ, ಆ ಅಂಕಿಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದನು. 1875ರಲ್ಲಿ ತುದಿ ಬಿಗಿದ ನಳಿಗೆಯ ವಿಷಯವಾಗಿಯೂ ಹೀಗೆಯೇ ಆಯಿತು. ಆ ಪುಟಗಳಲ್ಲಿ ಕಾವ್ಯವೇನೂ ಇಲ್ಲ, ಬರಿಯ ಎಣಿಕೆ. ಎಡಗೈಯನ್ನು ಸಿಡಿದ ಬಂದೂಕಿಗೆ ಒಪ್ಪಿಸಿದವನಿಗೆ ತಯಾರಕನ ಸ್ನೇಹಕ್ಕಿಂತ ಓದುಗನ ಕೈಬೆರಳುಗಳು ಮುಖ್ಯವಾಗಿ ತೋರಿರಬೇಕು.

ಬೇಟೆಯ ಪ್ರಾಣಿಯನ್ನು ಅಳೆಯುವುದರಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಸತ್ತ ಹುಲಿಯ ಮೂಗಿನ ಬಳಿಯೂ ಬಾಲದ ತುದಿಯ ಬಳಿಯೂ ಗೂಟಗಳನ್ನು ನೆಟ್ಟು, ಅವುಗಳ ನಡುವಣ ದೂರವನ್ನು ನೇರವಾಗಿ ಅಳೆಯುವುದು ಒಂದು ಕ್ರಮ. ದೇಹದ ಉಬ್ಬುತಗ್ಗುಗಳ ಮೇಲೆ ಪಟ್ಟಿಯನ್ನು ಒತ್ತಿ ಅಳೆಯುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಅದೇ ಹುಲಿ ಕೆಲವು ಅಂಗುಲಗಳಷ್ಟು ಬೆಳೆದುಬಿಡುತ್ತದೆ. ಯಾವ ಕ್ರಮದಿಂದ ಅಳೆದದ್ದೆಂದು ಹೇಳದೆ ಹತ್ತು ಅಡಿಯ ಹುಲಿಯೆಂದು ಬರೆಯುವ ಲೇಖಕನು ಸುಳ್ಳು ಹೇಳಿದಂತೆಯೂ ಅಲ್ಲ, ನಿಜ ಹೇಳಿದಂತೆಯೂ ಅಲ್ಲ.

ಇನ್ನು ನಡೆದ ಸಂಗತಿಗೆ ಬರುತ್ತೇವೆ. ಮುಂಬಯಿಯ ಪ್ರಕೃತಿಚರಿತ್ರೆಯ ಸಂಘ 1886ರಿಂದ ಒಂದು ಪತ್ರಿಕೆಯನ್ನು ಹೊರಡಿಸುತ್ತ ಬಂದಿದೆ. ಅದು ಬಂದೂಕಿನ ಪತ್ರಿಕೆಯಲ್ಲ, ಶಾಸ್ತ್ರದ ಪತ್ರಿಕೆ. ಆದರೆ ಬೇಟೆಗಾರರು ಕಂಡದ್ದು, ಹೊಡೆದದ್ದು, ಅಳೆದದ್ದು ಎಲ್ಲಕ್ಕೂ ಅದರಲ್ಲಿ ಸ್ಥಳವಿತ್ತು. ಅದರ 47ನೆಯ ಸಂಪುಟದಲ್ಲಿ, 1948ರಲ್ಲಿ, ಮೈಸೂರಿನ ವ್ಯಾನ್ ಇಂಗನ್ನರ ಹೆಸರಿನಲ್ಲಿ, ಸ್ವಾರಸ್ಯವಾದ ಬೇಟೆಯ ಸ್ಮಾರಕಗಳು ಎಂಬರ್ಥದ ಶೀರ್ಷಿಕೆಯ ಕೆಳಗೆ ಒಂದು ಸಣ್ಣ ಟಿಪ್ಪಣಿ ಪ್ರಕಟವಾಯಿತು. ವಿಷಯ ಇಷ್ಟೆ: ಈಗಿನ ಛತ್ತೀಸಗಡಕ್ಕೆ ಸೇರಿರುವ ಕೊರಿಯಾ ಎಂಬ ಸಣ್ಣ ಸಂಸ್ಥಾನದ ದೊರೆ ರಾಮಾನುಜ ಪ್ರತಾಪ ಸಿಂಗ್ ದೇವರು 1947ರಲ್ಲಿ ಒಂದು ರಾತ್ರಿ ಮೋಟಾರಿನಲ್ಲಿ ಹೋಗುತ್ತಿರುವಾಗ ಮೂರು ಚೀತಾಗಳು ದೀಪದ ಬೆಳಕಿಗೆ ಸಿಕ್ಕಿದುವು. ಮೂರೂ ಗಂಡು, ಒಂದೇ ವಯಸ್ಸಿನವು, ಪಕ್ಕಪಕ್ಕದಲ್ಲಿ ಕುಳಿತಿದ್ದುವು. ಮೊದಲ ಗುಂಡಿಗೆ ಒಂದು ಬಿದ್ದಿತು. ಎರಡನೆಯ ಗುಂಡು ಒಂದನ್ನು ತೂರಿ ಅದರ ಹಿಂದಿದ್ದುದಕ್ಕೂ ತಾಗಿ ಎರಡನ್ನೂ ಕೊಂದಿತು.

ಸಂಸ್ಥಾನದ ಕಡೆಯವರಿಗೆ ಇದು ಎರಡು ಗುಂಡಿಗೆ ಮೂರು ಮೃಗಗಳ ಸಾಹಸವಾಗಿ ತೋರಿತು. ಪತ್ರಿಕೆಯ ಸಂಪಾದಕರಿಗೆ ಹಾಗೆ ತೋರಲಿಲ್ಲ. ಅವರು ಈ ವರದಿಯನ್ನು ಓದಿ ಜುಗುಪ್ಸೆಗೊಂಡರು. ಕಸದ ಬುಟ್ಟಿಗೆ ಎಸೆದುಬಿಡೋಣವೆಂಬುದೇ ಅವರ ಮೊದಲ ಆಲೋಚನೆಯಾಗಿತ್ತು. ಎಸೆಯಲಿಲ್ಲ. ಪ್ರಶಂಸೆಗಾಗಿ ಅಲ್ಲ, ಆರೋಪಪತ್ರವಾಗಿ ಇದನ್ನು ಅಚ್ಚುಮಾಡುತ್ತಿದ್ದೇವೆಂದು ಬರೆದು, ವರದಿಯೊಡನೆ ತಮ್ಮ ಮಾತನ್ನೂ ಸೇರಿಸಿದರು.

ನಾವು ಈ ಟಿಪ್ಪಣಿಯನ್ನು ಕುರಿತು ಬಹಳ ಯೋಚಿಸಿದ್ದೇವೆ. ವರದಿಯನ್ನು ಬರೆದವರ ಮನಸ್ಸು ಏನೇ ಇರಲಿ, ಅವರ ಕೈ ಪ್ರಾಮಾಣಿಕವಾಗಿತ್ತು. ಮೃಗಗಳು ಮೇಲೆ ಎರಗಿದುವೆಂದು ಬರೆಯಲಿಲ್ಲ, ಕುಳಿತಿದ್ದುವೆಂದು ಬರೆದರು. ಎಷ್ಟು, ಯಾವ ಲಿಂಗ, ಯಾವ ವಯಸ್ಸು, ಯಾವ ಗುಂಡು ಯಾವುದರ ಮೂಲಕ ಹೋಯಿತು, ಎಲ್ಲವನ್ನೂ ತಿಳಿಸಿದರು. ವೀರರಸವನ್ನು ತುಂಬಿ, ಬಾಯಿ ತೆರೆಸಿ, ಕೋರೆ ತೋರಿಸಿ ಕಳುಹಿಸಿದ್ದರೆ, ಆ ಪುಟ ನೂರಾರು ಬೇಟೆಯ ಕಥೆಗಳ ನಡುವೆ ಕಳೆದುಹೋಗುತ್ತಿತ್ತು. ಸಂಪಾದಕರು ಸುಮ್ಮನೆ ಅಚ್ಚುಮಾಡಿದ್ದರೆ ಅದು ಹೊಗಳಿಕೆಯಾಗಿಯೇ ಉಳಿಯುತ್ತಿತ್ತು. ಎಸೆದುಬಿಟ್ಟಿದ್ದರೆ ಸಾಕ್ಷ್ಯವೇ ಇಲ್ಲವಾಗುತ್ತಿತ್ತು. 1952ರಲ್ಲಿ ಚೀತಾ ಭಾರತದಲ್ಲಿ ನಿರ್ವಂಶವಾಯಿತೆಂದು ಸರ್ಕಾರ ಸಾರಿತು. ಅಂದಿನಿಂದ ಆ ಮೃಗದ ಅಂತ್ಯವನ್ನು ಬರೆಯುವವರು ಈ ಪುಟಗಳನ್ನು ತೆರೆಯುತ್ತಲೇ ಇದ್ದಾರೆ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ತಂದ ಎಂಟು ಚೀತಾಗಳನ್ನು ಕೂನೋ ಅರಣ್ಯದಲ್ಲಿ ಬಿಟ್ಟ ಸಂದರ್ಭದಲ್ಲಿಯೂ ವೃತ್ತಪತ್ರಿಕೆಗಳು ಆ ಮೂರನ್ನು ನೆನೆದುವು.

ಒಳ್ಳೆಯ ಬೇಟೆಯ ಬರವಣಿಗೆಗೆ ಬೇರೆ ಉದಾಹರಣೆ ಬೇಕಾದವರು ಜಿಮ್ ಕಾರ್ಬೆಟರ ಕುಮಾವೂನಿನ ನರಭಕ್ಷಕಗಳ ಪುಸ್ತಕವನ್ನು ನೋಡಬಹುದು, 1944ರಲ್ಲಿ ಪ್ರಕಟವಾದದ್ದು. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದ ಪ್ರಸಂಗದಲ್ಲಿ, ತಾವು ಮೂರೇ ತೋಟೆಗಳನ್ನು ಒಯ್ದಿದ್ದುದನ್ನೂ, ಅವು ಮುಗಿದಮೇಲೆ ತಹಶೀಲ್ದಾರರ ಹಳೆಯ ಕೋವಿಯನ್ನು ಎರವಲು ಪಡೆದುದನ್ನೂ, ಹುಲಿಯ ಬಾಯಿಗೆ ಗುರಿಯಿಟ್ಟ ಈಡು ಅದರ ಪಂಜಕ್ಕೆ ಬಿದ್ದುದನ್ನೂ ಅವರು ಮುಚ್ಚದೆ ಹೇಳುತ್ತಾರೆ. ಗುರಿ ತಪ್ಪಿದುದನ್ನು ಹೇಳುವವನ ಮಾತನ್ನು, ಗುರಿ ತಾಗಿದುದನ್ನು ಹೇಳುವಾಗಲೂ ನಾವು ನಂಬುತ್ತೇವೆ. ಕಾರ್ಬೆಟರನ್ನೂ ಬೆಂಗಳೂರಿನ ಕೆನೆತ್ ಆಂಡರ್ಸನ್ನರನ್ನೂ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದು ತಮಗೆಲ್ಲ ತಿಳಿದದ್ದೇ.

ಕನ್ನಡದಲ್ಲಿ ಬಂದೂಕಿನ ಪತ್ರಿಕೆಯೊಂದು ಹುಟ್ಟಬೇಕೆಂದು ನಾವು ಹಾರೈಸುವುದಿಲ್ಲ. ಆದರೆ ಆ ವಿಷಯಕ್ಕೆ ಬೇಕಾದ ಮಾತು ನಮ್ಮಲ್ಲಿ ಇಲ್ಲವೆಂಬ ಆಕ್ಷೇಪಣೆಯನ್ನು ಒಪ್ಪಲಾರೆವು. ಈಡು, ಚರೆ, ತೋಟೆ, ಜೋಡುನಳಿಗೆ, ಕೇಪಿನ ಕೋವಿ, ಮರಸು ಕೂರುವುದು, ಇವು ಮಲೆನಾಡಿನ ಸಾಗುವಳಿದಾರರ ನಿತ್ಯದ ಮಾತುಗಳು. ಖಚಿತವಾಗಿ ಹೇಳುವ ಪದ್ಧತಿಯೂ ನಮಗೆ ಹೊಸದಲ್ಲ. ಮದ್ದೂರು ಸೀಮೆಯ ಆಟಕೂರಿನಲ್ಲಿ ದೊರೆತ ಸುಮಾರು 950ನೆಯ ಇಸವಿಯ ಶಿಲಾಶಾಸನವನ್ನು ನೋಡಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದನು. ಅವನು ಬೇಡಿದ್ದು ಕಾಳಿಯೆಂಬ ಒಂದು ನಾಯಿಯನ್ನು. ಒಂದು ಊರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಜತೆಯಲ್ಲಿಯೇ ಸತ್ತುವು. ಊರು, ದಿಕ್ಕು, ನಾಯಿಯ ಹೆಸರು, ಫಲಿತಾಂಶ, ಎಲ್ಲ ಇದೆ. ನಾಯಿ ಗೆದ್ದಿತೆಂದು ಬರೆಸಬಹುದಾಗಿತ್ತು, ಬರೆಸಲಿಲ್ಲ.

ನಮಗೆ ಗೊತ್ತುಮಾಡಿದ ವೇಳೆ ಮುಗಿಯುತ್ತ ಬಂದಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಕ್ಷರಗಳ ನಡುವೆ ಕಾಳಿಯನ್ನೂ ಹಂದಿಯನ್ನೂ ಶಿಲ್ಪಿ ಕಂಡರಿಸಿದ್ದಾನೆ; ಎರಡೂ ಒಂದನ್ನೊಂದು ಬಿಡದೆ ಹಿಡಿದುಕೊಂಡಿವೆ.