ಮರೆವು ಪತ್ತೆಯ ಯಂತ್ರಗಳು ಯಾರ ಮಾತು ಕಲಿತಿವೆ?



   

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ಕಾಯಿಲೆ ಇದೆ. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಮನೆಯವರು 'ಅರಳು ಮರಳು' ಎಂದು ಸುಮ್ಮನಾಗುತ್ತಾರೆ. ಈಗ ಎರಡು ನಿಮಿಷ ಮಾತಾಡಿದರೆ ಸಾಕು, ಮೊಬೈಲೇ ಕಾಯಿಲೆ ಹಿಡಿಯುತ್ತದೆ ಎಂದು ಆ್ಯಪ್ ತಯಾರಕರು ಹೇಳುತ್ತಿದ್ದಾರೆ. ತತ್ವ ಸುಳ್ಳಲ್ಲ. ಮರೆಗುಳಿಯ ಒಂದು ಬಗೆಯಾದ ಆಲ್‌ಝೈಮರ್‌ನಲ್ಲಿ ಮಾತು ಬೇಗ ಬದಲಾಗುತ್ತದೆ: ಹೆಸರಿಗೆ ತಡಕಾಟ, ಉದ್ದ ಮೌನ, 'ಅದು, ಇದು' ಎನ್ನುವುದು ಹೆಚ್ಚು. ಯಂತ್ರ ಇದನ್ನೆಲ್ಲ ಎಣಿಸಬಲ್ಲದು. ಎಣಿಸಿ ಯಾರ ಮಾತಿಗೆ ಹೋಲಿಸುತ್ತದೆ? ನನ್ನ ಜಗಳ ಇರುವುದು ಇಲ್ಲಿ.

ಇಂಥ ಸಂಶೋಧನೆಯಲ್ಲಿ ಮತ್ತೆ ಮತ್ತೆ ಬಳಕೆಯಾದದ್ದು 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಧ್ವನಿಮುದ್ರಿಸಿಕೊಂಡ ಇಂಗ್ಲಿಷ್ ಮಾತು. ಅಲ್ಲಿ ತೋರಿಸಿದ ಚಿತ್ರದಲ್ಲಿ ಸಿಂಕ್ ತುಂಬಿ ನೀರು ಸುರಿಯುತ್ತಿದೆ, ತಾಯಿ ನಿಂತು ತಟ್ಟೆ ಒರೆಸುತ್ತಿದ್ದಾಳೆ, ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ. ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕಿದ ಅಜ್ಜಿ ಇದನ್ನು ನೋಡಿ ತಡವರಿಸಿದರೆ ಅದು ಕಾಯಿಲೆಯೇ? ಕೋಲಾರದ ಕಡೆ ಒಂದೇ ಉಸಿರಿನಲ್ಲಿ ತೆಲುಗು, ಕನ್ನಡ ಎರಡನ್ನೂ ಬೆರೆಸುತ್ತಾರೆ. ಯಂತ್ರ ಅದನ್ನು ಗೊಂದಲವೆಂದು ಬರೆದುಕೊಂಡರೆ?

ಕಾಗದದ ಪರೀಕ್ಷೆಗಳ ಪಾಡೂ ಇದೇ. 1975ರಲ್ಲಿ ಬಂದ ಎಂಎಂಎಸ್‌ಇ ಎಂಬ ಮರೆವಿನ ಪರೀಕ್ಷೆ, ವಾಕ್ಯ ಬರೆಯಿರಿ, ಪಂಚಕೋನ ನಕಲು ಮಾಡಿ, ನೂರರಿಂದ ಏಳೇಳು ಕಳೆಯಿರಿ ಎನ್ನುತ್ತದೆ. ಕಾಯಿಲೆ ಶುರುವಾದ ಹೆಡ್‌ಮಾಸ್ತರು ಪಾಸಾಗಬಹುದು. ನೆನಪು ನೆಟ್ಟಗಿದ್ದೂ ಸಹಿ ಬಾರದ ಅವರ ಅಕ್ಕ ಫೇಲಾಗಬಹುದು. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗೆಂದೇ ಹಿಂದಿ ಪರೀಕ್ಷೆ ರೂಪಿಸಿ ಮೂರು ದಶಕವಾಯಿತು.   

ನಾವು ಬರಿಗೈಯಲ್ಲೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮರೆವಿನ ಪರೀಕ್ಷೆಗಳು ಕನ್ನಡದಲ್ಲಿವೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ಇದರ ಮೇಲೆ ನಾವು ಮಾಡಬೇಕಾದ್ದು: ಕಲಬುರಗಿ, ಧಾರವಾಡ, ಮಂಗಳೂರು, ಚಾಮರಾಜನಗರ, ಕೋಲಾರ, ಒಂದೊಂದು ಕಡೆಯೂ ಆರೋಗ್ಯವಂತರಾದ 300 ಹಿರಿಯರ ಹತ್ತು ನಿಮಿಷದ ಮಾತನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವುದು. ಅರ್ಧದಷ್ಟಾದರೂ ಶಾಲೆ ಮೆಟ್ಟಿಲು ಹತ್ತದವರಿರಲಿ. ತೋರಿಸುವ ಚಿತ್ರ ಸಂತೆಯದೋ ಕಣದ್ದೋ ಇರಲಿ. ಇನ್ನು ಮರೆವು ಪತ್ತೆಗೆ ಮೊಬೈಲ್ ಹಿಡಿಯುವ ಮೊದಲು ಕಿವಿ ಪರೀಕ್ಷೆ ಆಗಲಿ. ಬಿ12, ಥೈರಾಯ್ಡ್ ನೋಡಿ. ಖಿನ್ನತೆ ಇದೆಯೇ ವಿಚಾರಿಸಿ. ಮರೆವಿನ ವೇಷದಲ್ಲಿ ಬರುವ ಇವುಗಳಿಗೆ ಚಿಕಿತ್ಸೆ ಇದೆ.  

ಓದು ಬಾರದ ಕನ್ನಡ ಹಿರಿಯರ ಮೇಲೆ ಪರೀಕ್ಷಿಸಿ ಫಲಿತಾಂಶ ತೋರಿಸುವವರೆಗೆ ಇಂಥ ಯಾವ ಆ್ಯಪನ್ನೂ ಸರ್ಕಾರ ಖರೀದಿಸಬಾರದು ಎಂಬ ನಿರ್ಣಯ ಮಧ್ಯಾಹ್ನದ ಗೋಷ್ಠಿಗೆ ಬರಲಿದೆ. ಊಟ ಮುಗಿಸಿ ಮನೆಗೆ ಹೊರಡದೆ, ದಯವಿಟ್ಟು ಕೂತು ಕೈ ಎತ್ತಿ.