ಕೈಗೆ ಬಂದ ದುಡ್ಡೆಲ್ಲ ಆದಾಯವೇ?

ಕೋಲ್ಕತ್ತಾದಲ್ಲಿ ಓದುತ್ತಿರುವ, ಈಗಷ್ಟೇ ಕೆಲಸಕ್ಕೆ ಸೇರಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಈ ಮಾತು. ನಾನು ಓದಿದ್ದು ಎಂಟೆಕ್, ಹೊಟ್ಟೆಪಾಡಿಗೆ ಸೆಕ್ಟರ್ ಫೈವ್‌ನಲ್ಲಿ ಕೋಡ್ ಬರೀತೀನಿ. ಕಾಮರ್ಸ್ ಓದಿದವರು ಕೇಳಿ ನಗಬಹುದು, ನಗಲಿ. ಇವತ್ತು ಒಂದೇ ಪ್ರಶ್ನೆ: ಕೈಗೆ ಬಂದ ದುಡ್ಡೆಲ್ಲ ಆದಾಯವೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಉತ್ತರ ಗೊತ್ತೇ ಇದೆ. ಬಾಡಿಗೆ 20,000 ಇದ್ದರೆ ಹತ್ತು ತಿಂಗಳ ಅಡ್ವಾನ್ಸ್ ಅಂತ 2 ಲಕ್ಷ ಕೊಡ್ತೀವಿ. ಓನರ್ ಖಾತೆಗೆ 2 ಲಕ್ಷ ಬಂತು, ನಿಜ. ಆದರೆ ನಾವು ಮನೆ ಬಿಡುವಾಗ ಅದನ್ನ ವಾಪಸ್ ಕೊಡಬೇಕು. (ಪೇಂಟಿಂಗ್ ಅಂತ ಎಷ್ಟು ಹಿಡ್ಕೋತಾರೆ ಅನ್ನೋದು ಬೇರೆ ಕಥೆ.) ಹಾಗಾಗಿ ಲೆಕ್ಕದಲ್ಲಿ ಒಂದು ಕಡೆ 2 ಲಕ್ಷ ನಗದು, ಅದು ಆಸ್ತಿ. ಇನ್ನೊಂದು ಕಡೆ 2 ಲಕ್ಷ ಕೊಡಬೇಕಾದದ್ದು, ಅದು ಹೊಣೆ, ಅಂದ್ರೆ ಲಯಬಿಲಿಟಿ. ಓನರ್ ಒಂದು ರೂಪಾಯಿಯಷ್ಟೂ ಶ್ರೀಮಂತರಾಗಿಲ್ಲ. ತಿಂಗಳ ಬಾಡಿಗೆ 20,000 ಮಾತ್ರ ಆದಾಯ. ಈ ಎರಡೂ ಬದಿಯನ್ನು ಒಟ್ಟಿಗೆ ತೋರಿಸುವ ಹಾಳೆಯೇ ಬ್ಯಾಲೆನ್ಸ್ ಶೀಟ್, ನಮ್ಮ ಪಠ್ಯಪುಸ್ತಕದ ಅಢಾವೆ ಪತ್ರಿಕೆ.

ಇಷ್ಟು ಸರಳ ವಿಷಯಕ್ಕೆ ಈ ಊರಿನ ಒಂದು ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಎಸ್ಪ್ಲನೇಡ್‌ನಲ್ಲಿ ಪೀರ್‌ಲೆಸ್ ಹೋಟೆಲ್ ನೋಡಿರ್ತೀರಿ. ಆ ಪೀರ್‌ಲೆಸ್ ಶುರುವಾದದ್ದು 1932ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ನಾರಾಯಣಗಂಜ್‌ನಲ್ಲಿ, ವಿಮಾ ಕಂಪನಿಯಾಗಿ. 1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣ ಆದಮೇಲೆ ಉಳಿತಾಯ ಯೋಜನೆಗಳಿಗೆ ಹೊರಳಿತು. ಏಜೆಂಟರು ಊರೂರು ಸುತ್ತಿ ಜನರಿಂದ ಕಂತು ಕಟ್ಟಿಸಿಕೊಳ್ಳುತ್ತಿದ್ದರು. ವರ್ಷಗಳ ನಂತರ ಬೋನಸ್ ಸೇರಿಸಿ ವಾಪಸ್.

ಅವರ ಲೆಕ್ಕದ ತರ್ಕವನ್ನ ನನ್ನದೇ ಅಂಕಿ ಹಾಕಿ ಹೇಳ್ತೀನಿ. ಹತ್ತು ವರ್ಷದ ನಂತರ 1,000 ಕೊಡಬೇಕು ಅಂದುಕೊಳ್ಳಿ. ವರ್ಷಕ್ಕೆ 10% ಬಡ್ಡಿ ಸಿಕ್ಕರೆ, ಇವತ್ತು ಸುಮಾರು 386 ರೂಪಾಯಿ ತೆಗೆದಿಟ್ಟರೆ ಸಾಕು, ಅದೇ ಬೆಳೆದು 1,000 ಆಗುತ್ತೆ. ಇವತ್ತು ಗಿರಾಕಿ ಕಟ್ಟಿದ್ದು 1,000. ಹಾಗಾದರೆ ಉಳಿದ 614 ನಮ್ಮ ಆದಾಯ ಅಲ್ವಾ? ಅದರಲ್ಲೇ ಕಮಿಷನ್, ಸಂಬಳ, ಆಫೀಸ್ ಖರ್ಚು. ಗಣಿತ ತಪ್ಪಿಲ್ಲ ನೋಡಿ. ಆದರೆ ಬಡ್ಡಿ ಇಳಿದರೆ? ಹೊಸ ಗಿರಾಕಿ ಬರೋದು ನಿಂತರೆ? 614 ಆಗಲೇ ಖರ್ಚಾಗಿ ಹೋಗಿದೆ. ಅಷ್ಟೇ ಅಲ್ಲ, ಮೊದಮೊದಲ ಕಂತು ಕಟ್ಟಿ ಮುಂದೆ ಕಟ್ಟಲಾಗದ ಬಡವರ ದುಡ್ಡು ಮುಟ್ಟುಗೋಲಾಗುತ್ತಿತ್ತು. ಅಂದ್ರೆ ಗಿರಾಕಿ ಸೋತರೆ ಕಂಪನಿಗೆ ಲಾಭ. ನನಗೆ ಇದೇ ಹೆಚ್ಚು ಚುಚ್ಚುವ ಸಂಗತಿ.

1987ರಲ್ಲಿ ರಿಸರ್ವ್ ಬ್ಯಾಂಕ್ ನಿರ್ದೇಶನ ಹೊರಡಿಸಿತು: ಜನ ಕಟ್ಟಿದ ಪೂರ್ತಿ ಹಣವನ್ನ, ಸೇರಿದ ಬಡ್ಡಿ ಬೋನಸ್ ಸಮೇತ, ಹೊಣೆ ಅಂತಲೇ ತೋರಿಸಬೇಕು. ಅಷ್ಟಕ್ಕೂ ಸರಿಸಮನಾದ ಹೂಡಿಕೆ ಇರಬೇಕು. ಮುಟ್ಟುಗೋಲು ಕೂಡದು. ಹಾಗಾದರೆ ನಡೆಸೋದು ಹೇಗೆ, ನೌಕರರ ಗತಿ ಏನು ಅಂತ ಕಂಪನಿ ವಾದಿಸಿತು. 1992ರ ಜನವರಿ 30ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕ್ ನಿರ್ದೇಶನವನ್ನ ಎತ್ತಿಹಿಡಿಯಿತು. ಕಂಪನಿ ಮುಳುಗಲಿಲ್ಲ, ಹೊಸ ನಿಯಮಕ್ಕೆ ಒಗ್ಗಿಕೊಂಡು ಮುಂದೆಯೂ ನಡೆಯಿತು. ಕೋಲ್ಕತ್ತಾ ಅಂದ್ರೆ ಎಲ್ಲರೂ 2013ರ ಶಾರದಾ ಹಗರಣದ ಮಾತೆತ್ತುತ್ತಾರೆ. ಕಲಿಯುವವರಿಗೆ ಪೀರ್‌ಲೆಸ್ ಪ್ರಕರಣವೇ ಮೇಲು ಅಂತೀನಿ. ಇಲ್ಲಿ ಯಾರೂ ದುಡ್ಡು ಹೊತ್ತು ಓಡಿಹೋಗಲಿಲ್ಲ, ಜಗಳ ಇದ್ದದ್ದು ಹಣವನ್ನ ಯಾವ ಬದಿಗೆ ಬರೆಯಬೇಕು ಅನ್ನೋದಕ್ಕೆ.

ನಮ್ಮ ಫೀಲ್ಡಿನಲ್ಲೂ ಇದೇ ಪ್ರಶ್ನೆ. ನಿಮ್ಮ ಸ್ಟಾರ್ಟಪ್ ಏಪ್ರಿಲ್ 1ಕ್ಕೆ ಒಂದು ವರ್ಷದ ಸಬ್‌ಸ್ಕ್ರಿಪ್ಷನ್ ಅಂತ 12,000 ತಗೊಂಡರೆ, ಜೂನ್ ಕೊನೆಗೆ ಆದಾಯ 3,000 ಮಾತ್ರ. ಮಿಕ್ಕ 9,000 ಇನ್ನೂ ಸರ್ವಿಸ್ ಕೊಡಬೇಕಾದ ಹೊಣೆ. ಸಂದರ್ಶನದಲ್ಲಿ ಫೌಂಡರ್ "ಈ ತಿಂಗಳು ಇಷ್ಟು ಕೋಟಿ ಬಂತು" ಅಂದಾಗ ಬುಕಿಂಗ್ಸ್ ಹೇಳ್ತಿದ್ದಾರೋ ರೆವೆನ್ಯೂ ಹೇಳ್ತಿದ್ದಾರೋ ಅಂತ ಧೈರ್ಯವಾಗಿ ಕೇಳಿ. ಅವರು ಕೊಡೋ ಇಸಾಪ್ಸ್‌ನ ಬೆಲೆ ನಿಂತಿರೋದು ಅದರ ಮೇಲೆ.

ಇವತ್ತೇ ಒಂದು ಕೆಲಸ ಮಾಡಿ. ಇನ್ಫೋಸಿಸ್ ವಾರ್ಷಿಕ ವರದಿ ಎಲ್ಲರಿಗೂ ಉಚಿತವಾಗಿ ಸಿಗುತ್ತೆ. ಅದರಲ್ಲಿ "ಅನ್‌ಅರ್ನ್ಡ್ ರೆವೆನ್ಯೂ" ಅನ್ನೋ ಸಾಲು ಹುಡುಕಿ. ಹೆಸರಲ್ಲಿ ರೆವೆನ್ಯೂ ಇದೆ, ಇರೋದು ಮಾತ್ರ ಹೊಣೆಯ ಬದಿಯಲ್ಲಿ. ಯಾಕೆ ಅಂತ ಈಗ ನಿಮ್ಮ ರೂಮ್‌ಮೇಟ್‌ಗೆ ನೀವೇ ವಿವರಿಸಬಹುದು. ಮುಂದಿನ ಸಲ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್ ತಗೊಳ್ಳೋಣ.