ನೆಲದಡಿಯ ಕೊಳವೆ ಮತ್ತು ನಮ್ಮ ಹೊಳೆ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷದ ಸಂಭ್ರಮದಲ್ಲಿ ಚರಂಡಿಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಹೆಬ್ಬಾಗಿಲಿನ ಕಮಾನಿಗೆಂದು ತಾವು ಕೂಡಿಸಿಕೊಟ್ಟ ಹಣದ ಒಂದು ಪಾಲನ್ನು, ಸಮಿತಿಯ ಒಪ್ಪಿಗೆ ಪಡೆದು, ಶಾಲೆಯ ಶೌಚಾಲಯದ ಕೊಳವೆಯ ದುರಸ್ತಿಗೆ ವಿನಿಯೋಗಿಸಿದ್ದೇವೆ. ಕಮಾನು ಇನ್ನೂ ಎದ್ದಿಲ್ಲ. ಅದರ ಕಾರಣವನ್ನು ತಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ಕಳೆದ ಬೇಸಿಗೆಯಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು, “ಟೀಚರ್, ಹಳ್ಳವೆಲ್ಲ ಒಣಗಿದೆ, ನಮ್ಮ ಶಾಲೆಯ ಹಿಂದೆ ಮಾತ್ರ ಹಸಿ ಏಕಿದೆ?” ಎಂದು ಕೇಳಿದಳು. ಆ ಕಡೆಯಿಂದ ಬರುತ್ತಿದ್ದ ದುರ್ಗಂಧ ನಮಗೆ ಹೊಸದಾಗಿರಲಿಲ್ಲ. ಎರಡು ವರ್ಷ ಫಿನಾಯಿಲ್ ಹಾಕಿಸಿ ಸುಮ್ಮನಿದ್ದವರು ನಾವೇ. ಮಗುವಿನ ಪ್ರಶ್ನೆಗೆ ಉತ್ತರ ಹುಡುಕಲು, ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಶೌಚಾಲಯದಲ್ಲಿ ಸುರಿದೆವು. ಗುಂಡಿಯಲ್ಲಿ ಕಾಣಬೇಕಾಗಿದ್ದ ನೀಲಿ ಸಂಜೆಯ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಜಿನುಗಿತು. ಅಗೆಸಿ ನೋಡಿದಾಗ ಹಳೆಯ ಮಣ್ಣಿನ ಕೊಳವೆಯ ಸಂದುಗಳು ಬಿಟ್ಟಿದ್ದವು. ಹೊಂಗೆಯ ಬೇರು ಒಳನುಗ್ಗಿ ಜಡೆಯಂತೆ ಹೆಣೆದುಕೊಂಡಿತ್ತು. ಸ್ವಚ್ಛತೆಯ ಪಾಠ ಹೇಳುತ್ತಿದ್ದ ಶಾಲೆಯೇ ಹಳ್ಳವನ್ನು ಕೆಡಿಸುತ್ತಿತ್ತು.

ಆ ಹಳ್ಳ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳೊಡನೆ ನಕ್ಷೆಯಲ್ಲಿ ಗುರುತಿಸಿದೆವು. ನಮ್ಮ ಶಾಲೆ ಆರಂಭವಾದಾಗ ಈ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಇತ್ತಲೇ ಉಳಿಯಿತು. 1979ರಲ್ಲಿ ಈರೋಡು ನಮ್ಮ ಜಿಲ್ಲೆಯ ಕೇಂದ್ರವಾಯಿತು. ಗಡಿಗಳು ಬದಲಾದರೂ ನೀರಿನ ದಾರಿ ಬದಲಾಗಲಿಲ್ಲ. ನಮ್ಮ ಹಳ್ಳದ ನೀರು ಗಡಿ ದಾಟಿ ಚಿಕ್ಕಹೊಳೆಯನ್ನು, ಅದರ ಮೂಲಕ ಸುವರ್ಣಾವತಿಯನ್ನು ಕೂಡಿ, ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ಆ ಕಾವೇರಿ ಶಿವನಸಮುದ್ರ, ಸಂಗಮ, ಹೊಗೇನಕಲ್, ಮೆಟ್ಟೂರುಗಳನ್ನು ದಾಟಿ ಭವಾನಿಯನ್ನು ಕೂಡಿಕೊಂಡು ಎಲ್ಲಿಗೆ ಬರುತ್ತಾಳೆ? ನಮ್ಮದೇ ಈರೋಡಿಗೆ! ನಾವು ಬಡಗಣಕ್ಕೆ ಹರಿಯಬಿಟ್ಟದ್ದು ಸುತ್ತಿ ಬಳಸಿ ನಮ್ಮ ಜಿಲ್ಲೆಗೇ ಮರಳುತ್ತದೆ. ಪರರ ನೀರು ಎಂಬುದೊಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದೇ ದಾರಿಯಲ್ಲಿ ಬೆಂಗಳೂರಿನ ಕೊಳೆಯೂ ಬಂದು ಕೂಡುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ನಂಬಿಕೆಯಿರುವ ವೃಷಭಾವತಿ ಇಂದು ನಗರದ ಮಲಿನ ಜಲವನ್ನು ಹೊತ್ತು ಬೈರಮಂಗಲದ ಕೆರೆಗೆ, ಮುಂದೆ ಅರ್ಕಾವತಿಗೆ ಇಳಿಯುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಶುದ್ಧೀಕರಣ ಘಟಕಗಳಿಲ್ಲವೆಂದಲ್ಲ. ಆದರೆ ಘಟಕವನ್ನು ತಲುಪುವ ಮೊದಲೇ ಕೊಳವೆ ಸೋರಿ ರಾಜಕಾಲುವೆಗೆ ಇಳಿದ ನೀರನ್ನು ಯಾವ ಘಟಕ ಶುದ್ಧಗೊಳಿಸೀತು?

ಕೊಳವೆಗಳಿಗೂ ಮುಪ್ಪುಂಟು. ಮಲಿನ ಜಲದಿಂದ ಏಳುವ ಅನಿಲ ಕೊಳವೆಯ ಮೇಲ್ಭಾಗದ ತೇವದಲ್ಲಿ ಆಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನು ತಿನ್ನುತ್ತದೆ. ಸಂದು ಬಿಟ್ಟ ಕೊಳವೆ ಬೇಸಿಗೆಯಲ್ಲಿ ಮಣ್ಣಿಗೆ ಸೋರುತ್ತದೆ. ಮಳೆಗಾಲದಲ್ಲಿ ಹೊರಗಿನ ನೀರು ಒಳನುಗ್ಗಿ, ತುಂಬಿ, ಆಳುಗುಂಡಿಗಳಲ್ಲಿ ಉಕ್ಕುತ್ತದೆ. ಇಂದು ಕೊಳವೆಯೊಳಗೆ ಕ್ಯಾಮೆರಾ ಕಳುಹಿಸಿ ಬಿರುಕನ್ನು ಕಾಣಬಹುದು. ರಸ್ತೆಯನ್ನು ಅಗೆಯದೆ ಒಳಗೊಂದು ಹೊಸ ಪದರವನ್ನೂ ಕೂಡಿಸಬಹುದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ತಾಳಲಾರದೆ ಲಂಡನ್ ನಗರ ಜೋಸೆಫ್ ಬ್ಯಾಜಲ್ಜೆಟ್ ಎಂಬ ಇಂಜಿನಿಯರರಿಂದ ಇಟ್ಟಿಗೆಯ ಒಳಚರಂಡಿಗಳನ್ನು ಕಟ್ಟಿಸಿತು. ಅವು ಇಂದಿಗೂ ಬಳಕೆಯಲ್ಲಿವೆ. ಆದರೂ ಬೆಳೆದ ನಗರಕ್ಕೆ ಅವು ಸಾಲದಾಗಿ, 25 ಕಿಲೋಮೀಟರ್ ಉದ್ದದ ಹೊಸ ಸುರಂಗವನ್ನು ಕಟ್ಟಿ 2025ರಲ್ಲಿ ಪೂರ್ಣವಾಗಿ ಬಳಕೆಗೆ ತಂದರು. ಒಮ್ಮೆ ಕಟ್ಟಿದರೆ ಕೆಲಸ ಮುಗಿಯಿತೆಂಬ ಭಾಗ್ಯ ಯಾವ ಊರಿಗೂ ಇಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆವು. ಕೊಳವೆ ಕೆಟ್ಟು ಕಟ್ಟಿಕೊಂಡಾಗಲೆಲ್ಲ ಯಾರನ್ನಾದರೂ ಒಳಗಿಳಿಸುವ ಯೋಚನೆ ಬರುತ್ತದೆ. ಕೈಯಿಂದ ಮಲ ಬಾಚಿಸುವುದನ್ನೂ, ರಕ್ಷಣಾ ಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವುಗಳು ನಿಂತಿಲ್ಲ. ಕೊಳವೆಯನ್ನು ಸಕಾಲದಲ್ಲಿ ದುರಸ್ತಿ ಮಾಡುವುದು ಹೊಳೆಯನ್ನಷ್ಟೇ ಅಲ್ಲ, ಒಬ್ಬ ತಾಯಿಯ ಮಗನನ್ನೂ ಕಾಯುವ ಕೆಲಸ. ನಮ್ಮ ಶಾಲೆಯ ಗುಂಡಿಯನ್ನು ಯಂತ್ರದಿಂದಲೇ ತೆಗೆಸಿದೆವು. ಅದಕ್ಕೆ ಖರ್ಚು ಹೆಚ್ಚಾಯಿತು. ಅದನ್ನೂ ಲೆಕ್ಕದಲ್ಲಿ ಕಾಣಿಸಿದ್ದೇವೆ.

ನಮ್ಮ ಬೆಟ್ಟದ ಊರುಗಳಲ್ಲಿ ನಗರದಂತಹ ಒಳಚರಂಡಿಯ ಜಾಲವಿಲ್ಲ. ಇರುವುದು ಮನೆಮನೆಯ ಗುಂಡಿ, ಬೀದಿಯ ಚರಂಡಿ, ಅದರಾಚೆ ಹಳ್ಳ. ಆದ್ದರಿಂದಲೇ ನಮ್ಮ ಕೆಲಸ ಸಣ್ಣದು, ನಮ್ಮ ಕೈಗೆ ಎಟುಕುವಂಥದ್ದು. ಇಲ್ಲಿ ಸೇರಿರುವ ಪ್ರತಿಯೊಬ್ಬರೂ ಮನೆಯ ಕೊಳವೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಒಮ್ಮೆ ನೋಡಿ. ಗ್ರಾಮಸಭೆಯಲ್ಲಿ ಹೊಸ ಚರಂಡಿ ಕೇಳುವಾಗ ಹಳೆಯದರ ದುರಸ್ತಿಗೂ ಹಣ ಕೇಳಿ. ಉದ್ಘಾಟನೆಯ ಕಲ್ಲಿಗೆ ಹೆಸರು ಸಿಕ್ಕೀತು, ದುರಸ್ತಿಗೆ ಸಿಗದು. ಅದಕ್ಕೇ ಅದು ಹಿಂದೆ ಬೀಳುತ್ತದೆ.

ಈ ಬೇಸಿಗೆಯಲ್ಲಿ ಹಳ್ಳದ ದಂಡೆ ಒಣಗಿತ್ತು. ಅದೇ ಬಾಲಕಿ ಬಂದು ನೋಡಿ, “ಈಗ ಸರಿಯಾಯಿತು ಟೀಚರ್” ಎಂದಳು. ಕಮಾನನ್ನು ನಾವು ಮುಂದೆ ಕಟ್ಟಿಸೋಣ. ನೆಲದಡಿ ಹೂತುಹೋಗಿರುವ ಆ ಹೊಸ ಕೊಳವೆಯನ್ನು ಶತಮಾನೋತ್ಸವದ ಮೊದಲ ಕಾಣಿಕೆಯೆಂದು ತಾವು ಒಪ್ಪಿಸಿಕೊಳ್ಳಬೇಕೆಂದು ವಿನಂತಿಸುತ್ತೇವೆ.